ಹಿಂಡಿ ಡಾಕ್ಟರರ ಎರಡು ಹೋರಿ

ಕುಲಶೇಖರದಲ್ಲಿ ನಾವು ಚಿಕ್ಕವರಿದ್ದಾಗ ಚರ್ಚ್ ಬೆಲ್‌ಗಿಂತ ಮೊದಲು ಕೇಳುತ್ತಿದ್ದದ್ದು ಪಕ್ಕದ ಮನೆಯ ಹಿಂಡಿ ಡಾಕ್ಟರರ ಬಾಲ್ದಿಯ ಸದ್ದು. ಪಶು ಆಹಾರದ ರಿಸರ್ಚ್ ಅವರದು. ಹಿತ್ತಲಿನ ಎರಡು ಹೋರಿಗಳಲ್ಲಿ ಒಂದಕ್ಕೆ ಅವರ ಹಿಂಡಿ ಮಿಕ್ಸ್ಚರ್, ಇನ್ನೊಂದಕ್ಕೆ ಬರೀ ಬೈಹುಲ್ಲು. ಮಾಂಸಕ್ಕೆ ಹೋರಿ ಸಾಕುವ ಬ್ಯಾರಿ ಕಾಕ ಆ ಹಿಂಡಿ ಕೊಳ್ಳಲು ಒಪ್ಪದಿದ್ದರೆ ರಿಸರ್ಚ್ ಬಂದ್.

“ಸೈನ್ಸಿಗೆ ಪೇಶನ್ಸ್ ಬೇಕು,” ಎನ್ನುತ್ತ ಡಾಕ್ಟರರು ಮಿಕ್ಸ್ಚರನ್ನು ದಿನಾ ತಾವೇ ರುಚಿ ನೋಡುತ್ತಿದ್ದರು.

ಕಾಕ ಬಂದ ದಿನ ನೋಡಿದರೆ ಹುಲ್ಲಿನ ಹೋರಿಯೇ ಹೆಚ್ಚು ಕೊಬ್ಬಿತ್ತು!

“ಎಂತ ಡಾಕ್ಟ್ರೇ, ಹುಲ್ಲೇ ಸಾಕಲ್ಲ ಮಾರಾಯ್ರೆ!” ಕಾಕ ನಕ್ಕು ಹೊರಟೇಬಿಟ್ಟರು.

“ಪಾಪ, ಅದಕ್ಕೆ ಬರೀ ಹುಲ್ಲಲ್ವಾ? ನಾನು ದಿನಾ ಅಕ್ಕಚ್ಚು ಕೊಡ್ತಿದ್ದೆ,” ಎಂದರು ಮಮ್ಮಿ. ಅಕ್ಕಿ ತೊಳೆದ ನೀರು, ಗಂಜಿತಿಳಿ, ಹಲಸಿನ ಸಿಪ್ಪೆ. “ನಾನೂ,” ಎಂದರು ಆಚೆಮನೆಯವರು. ಈಚೆಮನೆಯವರೂ.

ಡಾಕ್ಟರರನ್ನು ಕೊನೆಗೆ ಕಂಡದ್ದು ಅವರು ಊರು ಬಿಡುವ ದಿನ. ನಮ್ಮ ಅಡಿಗೆಮನೆ ಬಾಗಿಲಲ್ಲಿ ನಿಂತು, ಅಕ್ಕಚ್ಚಿನ ಪಾತ್ರೆಗೆ ಬೆರಳದ್ದಿ, ಕಣ್ಣು ಮುಚ್ಚಿ ಚಪ್ಪರಿಸಿ, ಮಮ್ಮಿಯತ್ತ ತಿರುಗಿದರು.

“ಉಪ್ಪು ಸ್ವಲ್ಪ ಕಮ್ಮಿ ಉಂಟು, ಬಾಯಮ್ಮ.”