ಕೆಮ್ಮಿ ಎತ್ತುವ ಪರದೆ

ಠಾಣೆ ಹತ್ತಿರದ ಘನ್ಸೋಲಿಯ ಈ ಫ್ಲ್ಯಾಟಿಗೆ ಬಂದ ಮೇಲೆ ನಾವು ಎರಡು ಸಲ ಪರದೆ ಕೊಂಡೆವು. ಮೊದಲ ಸಲ ಕಿಟಕಿಗಳಿಗೆ. ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ನಮ್ಮ ತಟ್ಟೆಯಲ್ಲಿ ಏನಿದೆ ಎಂದು ಎದುರಿನ ಕಟ್ಟಡದವರು ನೋಡುವಷ್ಟು ಹತ್ತಿರವಿದ್ದರು, ಬೂದು ಬಣ್ಣದ ಬಟ್ಟೆ ತಂದು ತೂಗುಹಾಕಿ ಸುಮ್ಮನಾದೆವು. ಎರಡನೆಯ ಸಲ ಬೇಕಾದದ್ದು ಒಂದೇ ಒಂದು ಪರದೆ, ಮಾವನ ಕೋಣೆಯ ಬಾಗಿಲಿಗೆ. ಆ ಒಂದು ಪರದೆಗಾಗಿ ನಡೆದ ರಂಪಾಟ ಹೇಳಿದರೆ ನಗುತ್ತೀರಿ. ಆಗ ನಮಗೆ ಯಾರಿಗೂ ನಗು ಬಂದಿರಲಿಲ್ಲ.

ಆ ಕೋಣೆಗೆ ಮೊದಲು ಮರದ ಬಾಗಿಲೇ ಇತ್ತು. ಒಂದು ಮಧ್ಯಾಹ್ನ ಮಾವನಿಗೆ ಸಕ್ಕರೆ ಇಳಿದು, ತಲೆ ತಿರುಗಿ, ಮಂಚದ ಪಕ್ಕ ಕುಸಿದರು. ಒಳಗಿನಿಂದ ಚಿಲಕ ಹಾಕಿತ್ತು. ಬಡಿದೆ, ಕೂಗಿದೆ, ಸದ್ದಿಲ್ಲ. ರಜೆಯಲ್ಲಿ ಮನೆಯಲ್ಲೇ ಇದ್ದ ನನ್ನ ಗಂಡ ಕೆಳಗಿನಿಂದ ವಾಚ್‌ಮನ್‌ನನ್ನು ಕರೆತಂದು, ಇಬ್ಬರೂ ಭುಜ ಕೊಟ್ಟು ಬಾಗಿಲು ಮುರಿದರು. ಮಾವ ನೆಲದ ಮೇಲೆ ಬೆವರಿನಲ್ಲಿ ಒದ್ದೆಯಾಗಿ ಕಣ್ಣು ಬಿಟ್ಟುಕೊಂಡೇ ಬಿದ್ದಿದ್ದರು. ಸಕ್ಕರೆ ನೀರು ಕುಡಿಸಿದ ಮೇಲೆ ಅವರಾಡಿದ ಮೊದಲ ಮಾತು, “ಬಾಗಿಲು ಯಾಕೆ ಮುರಿದದ್ದು?”

ಮುರಿದ ಬಾಗಿಲನ್ನು ನನ್ನ ಗಂಡ ಮತ್ತೆ ಹಾಕಿಸಲಿಲ್ಲ. ಚಿಲಕ ಬೇಡ, ಬರೀ ಬಾಗಿಲಾದರೂ ಇರಲಿ ಎಂದೆ. ಬಾಗಿಲು ಇದ್ದರೆ ಅಪ್ಪ ಕುರ್ಚಿಯನ್ನಾದರೂ ಅಡ್ಡ ಇಟ್ಟುಕೊಳ್ಳುತ್ತಾರೆ ಎಂದರು. ಅದೂ ಸುಳ್ಳಲ್ಲ.

ಮಾವನಿಗೆ ಒಂದು ಚಿಲಕ ಅಷ್ಟು ದೊಡ್ಡದು ಯಾಕೆ ಎಂದು ತಿಳಿಯಬೇಕಾದರೆ ಕೋಪರಿಯ ನಮ್ಮ ಚಾಳಿನ ಖೋಲಿಯನ್ನು ನೋಡಿರಬೇಕು. ನಾನು ಮದುವೆಯಾಗಿ ಹೋದದ್ದು ಅಲ್ಲಿಗೆ. ಒಂದೇ ಕೋಣೆ, ನಡುವೆ ಸ್ಪ್ರಿಂಗಿನ ತಂತಿ, ತಂತಿಯ ಮೇಲೆ ಅತ್ತೆಯ ಹಳೆಯ ಸೀರೆ. ಸೀರೆಯ ಆಚೆ ಅತ್ತೆ, ಮಾವ, ನಾದಿನಿ, ಈಚೆ ನಾವಿಬ್ಬರು. ನೀರಿನ ಡ್ರಮ್ಮು ನಮ್ಮ ಕಡೆಗಿತ್ತು. ಕೆಲಸಕ್ಕೆ ಹೊರಡುವ ಮುಂಚೆ ಮಾವ ನೀರಿಗೆ ಬರಲೇಬೇಕು. ಬರುವ ಮುಂಚೆ ಸೀರೆಯ ಆಚೆ ನಿಂತು ಕೆಮ್ಮುತ್ತಿದ್ದರು. ಒಂದೇ ಕೆಮ್ಮು, ಒಣ ಕೆಮ್ಮು. ನಾನು ಎದ್ದು, ಸೆರಗು ಸರಿಮಾಡಿಕೊಂಡು “ಹ್ಞೂಂ” ಅನ್ನುವ ತನಕ ಸೀರೆ ಅಲುಗುತ್ತಿರಲಿಲ್ಲ.

ಅದು ಹೋಟೆಲು ಕಲಿಸಿದ ಪಾಠ. ಠಾಣೆ ಸ್ಟೇಷನ್ ಹತ್ತಿರದ ಒಂದು ಹೋಟೆಲಿನಲ್ಲಿ ಅವರು ಫ್ಯಾಮಿಲಿ ರೂಮಿನ ಸಪ್ಲಾಯರ್ ಆಗಿದ್ದರು. ಮರದ ಹಲಗೆ ಅಡ್ಡ ಕಟ್ಟಿದ ಸಣ್ಣ ಸಣ್ಣ ಗೂಡುಗಳು, ಒಂದೊಂದಕ್ಕೂ ದಪ್ಪ ಮರೂನ್ ಪರದೆ. ಒಳಗೆ ಹೊಸದಾಗಿ ಮದುವೆಯಾದವರು ಕೂರುತ್ತಿದ್ದರು, ಮಗುವಿಗೆ ಹಾಲೂಡಿಸುವವರು ಕೂರುತ್ತಿದ್ದರು, ಜಗಳಾಡಿ ಅಳುವವರೂ ಕೂರುತ್ತಿದ್ದರು. ಕೆಮ್ಮದೆ ಪರದೆ ಎತ್ತಿದವನಿಗೆ ಧಣಿಯಿಂದ ಮಂಗಳಾರತಿ. ಹೀಗೆ ಕೆಲಸದಲ್ಲೂ ಪರದೆ, ಮನೆಯಲ್ಲೂ ಪರದೆ. ಆಮೇಲೆ ಅತ್ತೆ ಹೋದರು, ಖೋಲಿ ಬಿಟ್ಟೆವು, ಇಲ್ಲಿಗೆ ಬಂದೆವು. ಬಂದ ದಿನ ಮಾವ ತಮ್ಮ ಕೋಣೆಗೆ ಹೋಗಿ ಚಿಲಕ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಒಳಗೆ ಏನೂ ಮಾಡುತ್ತಿರಲಿಲ್ಲ ಪಾಪ, ಬನಿಯನ್ ತೆಗೆದು ಫ್ಯಾನಿನ ಕೆಳಗೆ ಕೂರುತ್ತಿದ್ದರು, ಅಷ್ಟೆ. ಸೊಸೆಯ ಕಣ್ಣೆದುರು ಬರೀ ಮೈಯಲ್ಲಿ ಕೂತವರಲ್ಲ ಅವರು.

ಬಾಗಿಲು ಹೋದ ಮೇಲೆ ಬನಿಯನ್ ತೆಗೆಯುವುದು ನಿಂತಿತು. ಅದರ ಮೇಲೆ ಅಂಗಿಯನ್ನೂ ಹಾಕಿಕೊಂಡು, ಬಸ್ಸಿಗೆ ಕಾಯುವವರ ಹಾಗೆ ಮಂಚದ ತುದಿಯಲ್ಲಿ ಕೂರತೊಡಗಿದರು. ಒಂದು ಬೆಳಿಗ್ಗೆ ನೋಡಿದರೆ ರೆಕ್ಸಿನ್ ಬ್ಯಾಗು ತುಂಬಿ ಗೋಡೆಗೆ ಒರಗಿಸಿ ಇಟ್ಟಿದ್ದಾರೆ.

“ನಾನು ಕಲ್ಯಾಣಕ್ಕೆ ಹೋಗ್ತೇನೆ, ಮಗಳ ಮನೆಗೆ. ಅಲ್ಲಿ ಬಾಗಿಲಿಗೆ ಚಿಲಕ ಉಂಟು.”

ಚಿಲಕ ಇರುವುದು ನಿಜ. ನಾದಿನಿಯೂ ಅವಳ ಗಂಡನೂ ಬೆಳಿಗ್ಗೆ ಲೋಕಲ್ ಹಿಡಿದರೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರುತ್ತಾರೆ ಎನ್ನುವುದೂ ನಿಜ. ಆ ಚಿಲಕದ ಹಿಂದೆ ಮತ್ತೊಮ್ಮೆ ಸಕ್ಕರೆ ಇಳಿದರೆ ಬಾಗಿಲು ಮುರಿಯುವವರು ಯಾರು?

“ಅಲ್ಲಿ ಬಿದ್ರೆ ಸಂಜೆ ತನಕ ಯಾರಿಗೂ ಗೊತ್ತಾಗುದಿಲ್ಲ ಅಪ್ಪ!” ಎಂದು ನನ್ನ ಗಂಡ ಕೂಗಿದರು.

“ಗೊತ್ತಾಗುದು ಬೇಡ,” ಎಂದರು ಮಾವ. ಅಲ್ಲಿಗೆ ಅಪ್ಪ ಮಗನ ಮಾತು ನಿಂತಿತು.

ನಾನು ಹುಬ್ಬಳ್ಳಿ ಕಡೆಯವಳು, ಡೊಂಬಿವಲಿಯಲ್ಲಿ ಬೆಳೆದವಳು. ಇವರ ತುಳು ನನಗೆ ಇವತ್ತಿಗೂ ಅರ್ಧಂಬರ್ಧ. ಆದ್ದರಿಂದ ನಮ್ಮ ಮನೆಯ ಜಗಳವೆಲ್ಲ ಮಂಗಳೂರು ಹುಬ್ಬಳ್ಳಿ ಬೆರೆತ ಕನ್ನಡದಲ್ಲೇ.

“ಮಾವ, ಬಾಗಲಾ ಇಲ್ಲಾಂದ್ರ ಒಂದು ಪರದಿ ಹಾಕೋಣ್ರಿ,” ಎಂದೆ.

“ಮತ್ತೆ ಪರದೆಯಾ? ಇಡೀ ಆಯುಷ್ಯ ಪರದೆ ನೋಡಿದ್ದೇ ಆಯ್ತಲ್ಲ ಮಾರಾಯ್ತಿ. ಒಂದು ಚಿಲಕ ಸಿಕ್ಕಿತ್ತು, ಅದನ್ನೂ ಕಿತ್ತು ಬಿಸಾಡಿದ್ರಿ.”

ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ. “ಚಿಲಕಾ ಹೋತು ಅಂತ ಅಳ್ತೀರಿ, ಜೀವಾನ ಹೋಗಿದ್ರ ಏನ್ ಮಾಡ್ತಿದ್ವಿ ನಾವು?” ಎಂದೆ. ಅವರು ಗೋಡೆಯ ಕಡೆ ತಿರುಗಿಕೊಂಡರು.

ಕಾಲೇಜಿಗೆ ಹೋಗುವ ನನ್ನ ಮಗಳು ಮೊಬೈಲಿನಲ್ಲೇ ಒಂದು ಪರದೆ ಆರಿಸಿ ತರಿಸಿದಳು. ಕನ್ನಡ ಅರ್ಥವಾಗುತ್ತದೆ, ಆಡುವುದು ಮಾತ್ರ ಹಿಂದಿ. “ಮಮ್ಮಾ, ಯೇ ವಾಲಾ ಏಕ್‌ದಮ್ ಕ್ಲಾಸಿ ಹೈ,” ಎಂದಳು. ಬಿಳಿ ಬಣ್ಣ, ತೆಳು ಬಟ್ಟೆ, ಅಲ್ಲಲ್ಲಿ ಎಲೆಗಳು. ಹಗಲಿನಲ್ಲಿ ಚೆನ್ನಾಗಿಯೇ ಇತ್ತು. ಸಂಜೆ ಮಾವ ಟ್ಯೂಬ್‌ಲೈಟ್ ಹಾಕಿದ್ದೇ ತಡ, ಅವರು ಗುಂಡಿ ಬಿಚ್ಚುವುದು, ಕೈ ಎತ್ತಿ ಅಂಗಿಯನ್ನು ಮೊಳೆಗೆ ಸಿಕ್ಕಿಸುವುದು, ಎಲ್ಲವೂ ಹೊರಗೆ ಹಾಲ್‌ನಲ್ಲಿ ಕೂತಿದ್ದ ನಮಗೆ ತೊಗಲುಬೊಂಬೆಯಾಟದ ಹಾಗೆ ಕಂಡಿತು. ಮಗಳು ಕಿಸಕ್ಕನೆ ನಕ್ಕಳು. ಒಳಗೆ ಲೈಟು ಆರಿತು. ಆ ರಾತ್ರಿ ಅವರು ಮತ್ತೆ ಲೈಟು ಹಾಕಲೇ ಇಲ್ಲ. ನನಗೆ ಬಹಳ ಕೆಟ್ಟದೆನಿಸಿತು. ಕೋಪವೂ ಬಂತು, ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ.

ಮರುದಿನ ಮಾವನನ್ನೇ ಎಬ್ಬಿಸಿದೆ. “ಕಲ್ಯಾಣಕ್ಕ ಆಮ್ಯಾಲೆ ಹೋಗೀರಂತ. ಮೊದಲ ನನ್ನ ಜೋಡಿ ಠಾಣೆಗೆ ಬರ್ರಿ, ಅರಿವಿ ನೋಡೋಣು.” ಠಾಣೆ ಎಂದದ್ದಕ್ಕೋ ಏನೋ, ಚಪ್ಪಲಿ ಹಾಕಿಕೊಂಡರು.

ಮಾರ್ಕೆಟ್ಟಿನ ಅಂಗಡಿಯಲ್ಲಿ ಭಿವಂಡಿಯಿಂದ ಬಂದ ಬಟ್ಟೆಯ ಥಾನುಗಳನ್ನು ಛಾವಣಿಯ ತನಕ ಪೇರಿಸಿದ್ದರು. “ಅಂಕಲ್, ಪ್ರಿಂಟ್ ದಿಖಾಊಂ? ಜೂಟ್ ಟೈಪ್?” ಎನ್ನುತ್ತ ಅಂಗಡಿಯವನು ಒಂದರ ಮೇಲೊಂದು ಬಿಚ್ಚಿ ಹಾಕಿದ. ತಿಳಿ ಹಸಿರು ಒಂದು ನನಗೆ ತುಂಬಾ ಹಿಡಿಸಿತು, ಕೈಗೆತ್ತಿಕೊಂಡೆ. ಮಾವ ಅದರ ಕಡೆ ನೋಡಲೂ ಇಲ್ಲ. ಮೂಲೆಯಲ್ಲಿದ್ದ ಒಂದು ಥಾನಿಗೆ ಬೆರಳು ತೋರಿಸಿದರು. ದಪ್ಪ ಬಟ್ಟೆ, ಮರೂನ್ ಬಣ್ಣ. ಆ ಬಣ್ಣ ಕಂಡರೆ ನನಗೆ ಆಗುವುದಿಲ್ಲ.

ಬಟ್ಟೆಯನ್ನು ಎತ್ತಿ ಹಿಡಿದು, “ನೀನು ಆಚೆ ಹೋಗಿ ನಿಲ್ಲು,” ಎಂದರು. ನಿಂತೆ. “ಕಾಣ್ತೇನಾ ನಾನು?”

“ಏನೇನೂ ಕಾಣೂದಿಲ್ರಿ.”

“ಹಾಂ, ಹಾಗಾದ್ರೆ ಇದೇ.”

“ಅಯ್ಯ ಮಾವ, ಮನ್ಯಾಗ ಹೋಟೆಲ್ಲಿನ ಫ್ಯಾಮಿಲಿ ರೂಮ್ ಆಗ್ತದಲ್ರಿ!”

“ಆಗ್ಲಿ ಬಿಡು,” ಎಂದರು. ಬಾಗಿಲು ಹೋದ ಮೇಲೆ ಅವರ ಮುಖ ಸಡಿಲಾದದ್ದು ಅವತ್ತೇ ಮೊದಲು. “ಅಷ್ಟು ವರ್ಷ ಆ ಪರದೆ ಎತ್ತಿದೆ. ಒಂದು ದಿನವೂ ಒಳಗೆ ಕೂತವನಲ್ಲ.”

ನಾನು ಹಸಿರು ಬಟ್ಟೆಯನ್ನು ಕೆಳಗಿಟ್ಟೆ.

ಹೊಲಿಸಿದ ಪರದೆಯನ್ನು ನನ್ನ ಗಂಡ ಸ್ಟೂಲ್ ಹತ್ತಿ ರಾಡಿಗೆ ಏರಿಸುತ್ತಿದ್ದಾಗ ಮಾವ ಕೆಳಗೆ ನಿಂತು, ಯಾರನ್ನೂ ನೋಡದೆ, “ಕೆಮ್ಮದೆ ಯಾರೂ ಇದನ್ನು ಎತ್ತಬಾರ್ದು,” ಎಂದರು.

“ಆಯ್ತು. ನಾವು ಕೆಮ್ಮಿದ್ರೆ ನೀವೂ ಒಳಗಿಂದ ಕೆಮ್ಮಬೇಕು,” ಎಂದು ನನ್ನ ಗಂಡ ಸ್ಟೂಲಿನ ಮೇಲಿಂದಲೇ ಹೇಳಿದರು. “ಕೆಮ್ಮದಿದ್ರೆ ನುಗ್ಗುದೇ.”

ಮಾವ ಸ್ವಲ್ಪ ಯೋಚಿಸಿ ತಲೆಯಾಡಿಸಿದರು. ಬ್ಯಾಗು ಮಾತ್ರ ಗೋಡೆಗೆ ಒರಗಿಕೊಂಡೇ ಇತ್ತು.

ಮರುದಿನ ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ. ಕಾಫಿ ಹಿಡಿದುಕೊಂಡು ಪರದೆಯ ಎದುರು ಹೋಗಿ ನಿಂತೆ. ಮದುವೆಯಾದಾಗಿನಿಂದ ಅವರು ಕೆಮ್ಮಿ ನಾನು ಹ್ಞೂಂ ಅಂದದ್ದು ಬಿಟ್ಟರೆ ನಾನು ಕೆಮ್ಮಿದ್ದೇ ಇಲ್ಲ. ನಾಚಿಕೆಯಾಯಿತು. ಆದರೂ ಕೆಮ್ಮಿದೆ. ಒಳಗೆ ಸದ್ದಿಲ್ಲ. ಮತ್ತೆ ಕೆಮ್ಮಿದೆ, ಜೋರಾಗಿ. ಇಲ್ಲ. ಬಾಗಿಲು ಬಡಿದ ಆ ಮಧ್ಯಾಹ್ನ ನೆನಪಾಯಿತು. ಪರದೆಯ ಅಂಚು ಹಿಡಿದೆ. ಇನ್ನೇನು ಎಳೆಯಬೇಕು ಅನ್ನುವಾಗ ಒಳಗಿನಿಂದ ಬಂತು, ಕೋಪರಿಯ ಅದೇ ಒಣ ಕೆಮ್ಮು.

“ಬಾ ಮಗಾ.”

ಮಂಚದ ಮೇಲೆ ಲುಂಗಿ, ಅಂಗಿ, ಟವೆಲು, ಔಷಧದ ಡಬ್ಬಿ ಎಲ್ಲ ಹರಡಿದ್ದವು. ಮಾವ ಬನಿಯನ್ನನ್ನು ಸೊಂಟದ ಕೆಳಗೆ ಎಳೆದುಕೊಳ್ಳುತ್ತಿದ್ದರು.

“ಎಷ್ಟ ತಡಾ ಮಾಡಿದ್ರಿ! ನನ್ನ ಜೀವಾ ಬಾಯಿಗೆ ಬಂದಿತ್ತು,” ಎಂದು ರೇಗಿದೆ.

“ಎಂತ ಮಾಡುದು ಮಾರಾಯ್ತಿ, ಬರೀ ಮೈಯಲ್ಲಿ ಕೂತಿದ್ದೆ. ಒಗೆದ ಬನಿಯನ್ ಬ್ಯಾಗಿನ ಅಡಿಯಲ್ಲಿತ್ತು. ಎಲ್ಲ ಹೊರಗೆ ತೆಗೀಬೇಕಾಯ್ತು.”

ಕಾಫಿ ಕೈಗೆ ಕೊಟ್ಟೆ. ಬಟ್ಟೆಗಳನ್ನು ಮಡಚಿ ಕಪಾಟಿನಲ್ಲಿಟ್ಟೆ, ಖಾಲಿ ಬ್ಯಾಗನ್ನು ಮಂಚದ ಕೆಳಗೆ ತಳ್ಳಿದೆ. ಅವರು ಕಾಫಿ ಕುಡಿಯುತ್ತ ನೋಡುತ್ತಲೇ ಇದ್ದರು, ಬೇಡ ಅನ್ನಲಿಲ್ಲ.