ಮಹೇಶ್ವರ ರಾಯರು ಸರಳರಾದ ವರ್ಷ

ಕೊಚ್ಚಿಯ ಚಂದ್ರಗಿರಿ ರೆಸಿನ್ಸ್ ಕಂಪೆನಿಯಲ್ಲಿ ಶರ್ಮಿಳಾ ಸಾರ್ವಜನಿಕ ಸಂಪರ್ಕಾಧಿಕಾರಿ. ಕಾಸರಗೋಡಿನಲ್ಲಿ ಹುಟ್ಟಿ, ಕಾನೂನು ಓದಿ ಬಂದವಳು. ಪತ್ರಿಕಾ ಹೇಳಿಕೆ ಬರೆಯುವುದು, ಅತಿಥಿಗಳನ್ನು ನೋಡಿಕೊಳ್ಳುವುದು ತನ್ನ ಕೆಲಸ ಎಂದು ನಂಬಿ ಸೇರಿದ್ದಳು. ಆದರೆ ಅವಳ ದಿನದ ಬಹುಪಾಲು ಕಳೆಯುತ್ತಿದ್ದದ್ದು, ಮಾಲಿಕ ಮಹೇಶ್ವರ ರಾಯರು ಯಾವ ಸಭೆಗೆ ಯಾವ ಟೈ ಕಟ್ಟಬೇಕು ಎಂಬ ಗಂಭೀರ ಚರ್ಚೆಯಲ್ಲಿ.

ಕಂಪೆನಿ ತಯಾರಿಸುತ್ತಿದ್ದದ್ದು ಪ್ಲೈವುಡ್ಡಿನ ಅಂಟು. ಅಂಬಲಮುಗಳ್‌ನಲ್ಲಿ ಕಾರ್ಖಾನೆ, ಎರ್ನಾಕುಳಂನಲ್ಲಿ ಆಫೀಸು. ರಾಯರೂ ಕಾಸರಗೋಡಿನವರಾದ್ದರಿಂದ ಗುಟ್ಟಿನ ಮಾತೆಲ್ಲ ಕನ್ನಡದಲ್ಲಿ. ಗುಟ್ಟೆಂದರೆ ಮತ್ತೇನಲ್ಲ, ಫೋಟೋದಲ್ಲಿ ಹೊಟ್ಟೆ ಕಾಣುತ್ತದೋ ಇಲ್ಲವೋ ಎಂಬುದು.

ಮೊದಲ ವರ್ಷಗಳು ಸೂಟಿನವು. ಕೊಚ್ಚಿಯ ಮೇ ತಿಂಗಳಲ್ಲಿ ಉಣ್ಣೆಯ ಸೂಟು ತೊಟ್ಟು, ಕಾರಿನಿಂದ ಸಭಾಂಗಣದ ಬಾಗಿಲು ತಲುಪುವಷ್ಟರಲ್ಲಿ ರಾಯರು ಇಡ್ಲಿ ಪಾತ್ರೆಯ ಮುಚ್ಚಳದಂತೆ ತೊಟ್ಟಿಕ್ಕುತ್ತಿದ್ದರು. ಆದರೂ ಬಿಡಲಿಲ್ಲ. ಉದ್ಯಮಿ ಎನ್ನಿಸಿಕೊಳ್ಳಬೇಕಾದರೆ ಬೇಯಬೇಕು ಎಂದು ಅವರು ತಿಳಿದಿದ್ದರು.

ಎರಡು ಸಾವಿರದ ಆರರಲ್ಲಿ ಬೆಂಗಳೂರಿನಿಂದ ವಿಜಯಶ್ರೀ ಎಂಬ ಸಲಹೆಗಾರ್ತಿ ಬಂದಳು. ದೊಡ್ಡವರು ಜನರ ಕಣ್ಣಿಗೆ ಹೇಗೆ ಕಾಣಬೇಕೆಂದು ಕಲಿಸುವುದೇ ಅವಳ ವೃತ್ತಿ.

“ಸರ್, ಈಗ ದೊಡ್ಡೋರು ಯಾರೂ ದೊಡ್ಡೋರ ಥರ ಡ್ರೆಸ್ ಮಾಡ್ಕೊಳಲ್ಲ,” ಎಂದಳು ವಿಜಯಶ್ರೀ. “ಸೂಟ್ ಹಾಕ್ಕೊಂಡ್ರೆ ಮ್ಯಾನೇಜರ್ ಅನ್ಕೋತಾರೆ. ಸಿಂಪಲ್ ಆಗಿರೋನೇ ಓನರ್ರು.”

“ಎಷ್ಟು ಸಿಂಪಲ್?” ರಾಯರು ಕೇಳಿದರು.

“ನೋಡಿದೋರಿಗೆ ಅಯ್ಯೋ ಅನ್ನಿಸ್ಬೇಕು.”

ಒಂದು ತಿಂಗಳಲ್ಲಿ ಸರಳತೆ ಪಾರ್ಸೆಲ್ಲಿನಲ್ಲಿ ಬಂತು. ಮುಂಬೈಯ ದರ್ಜಿಯೊಬ್ಬ ಹೊಸದಾಗಿ ಹೊಲಿದು, ಕಾಲರನ್ನು ತಾನೇ ಹರಿದು ಕಳಿಸಿದ ಅಂಗಿಗಳು. ನಾಲ್ಕು ಮಳೆಗಾಲ ಕಂಡಂತೆ ಮಾಸಿಸಿದ ಮುಂಡು ಪಂಚೆ. ಇಟಲಿಯ ಹವಾಯಿ ಚಪ್ಪಲಿ. ವಾರದ ಗಡ್ಡ ವಾರದ ಗಡ್ಡವಾಗಿಯೇ ಉಳಿಯುವಂತೆ ನೋಡಿಕೊಳ್ಳಲು ದಿನಾ ಒಬ್ಬ ಕ್ಷೌರಿಕ. ಬೆಂಜ್ ಕಾರು ಶೆಡ್ಡು ಸೇರಿ, ಅದರ ಜಾಗಕ್ಕೆ ಕೆಮ್ಮುವ ಅಂಬಾಸಿಡರ್ ಬಂತು.

“ಸರ್, ಊರಲ್ಲಿ ನಿಮ್ಮ ಕಾರು ತೊಳೆಯುವವನೂ ಇದಕ್ಕಿಂತ ಒಳ್ಳೇದು ಉಡ್ತಾನೆ,” ಎಂದಳು ಶರ್ಮಿಳಾ.

“ಹೌದಾ?” ರಾಯರ ಮುಖ ಅರಳಿತು. “ಹಾಗಾದ್ರೆ ಸರಿಯಾಗಿ ಬಂದಿದೆ ಅಂತ ಆಯ್ತಲ್ಲ ಮಾರಾಯ್ತಿ!”

ಆಗ ಕಾರ್ಖಾನೆಯಲ್ಲಿ ಸಂಬಳ ಏರಿಸಬೇಕೆಂದು ಯೂನಿಯನ್ನಿನವರು ಮುಷ್ಕರದ ನೋಟೀಸು ಕೊಟ್ಟಿದ್ದರು. ರಾಯರು ಮಾತುಕತೆಗೆ ತಮ್ಮ ಹೊಸ ಅವತಾರದಲ್ಲೇ ಹೋದರು. ಯೂನಿಯನ್ ನಾಯಕ ಸುಗುಣನ್ ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಮಿಂಚುವ ಚರ್ಮದ ಚಪ್ಪಲಿಯಲ್ಲಿ ಬಂದಿದ್ದ. ಇಬ್ಬರೂ ಎದುರುಬದುರು ಕೂತಾಗ ಸಂಬಳ ಕೇಳಲು ಬಂದವರು ಯಾರು ಎಂದು ಶರ್ಮಿಳಾಳಿಗೇ ಒಂದು ಕ್ಷಣ ಗೊಂದಲವಾಯಿತು.

ಆಮೇಲೆ ರಾಯರು ಕಾರ್ಮಿಕರ ಕ್ಯಾಂಟೀನಿನಲ್ಲಿ ಕಂಜಿಯ ಊಟಕ್ಕೆ ಕೂತರು. ವಿಜಯಶ್ರೀ ಹೊಟ್ಟೆ ಇಳಿಸಲು ಪಥ್ಯ ಹಾಕಿದ್ದರಿಂದ ಅವರಿಗೆ ನಿಜಕ್ಕೂ ಹಸಿದಿತ್ತು. ಎರಡನೇ ಸಲ ಬಡಿಸಿಕೊಂಡರು, ಮೂರನೇ ಸಲ ಬಟ್ಟಲು ಚಾಚಿದರು. ಬಡಿಸುವವನು ಸುಗುಣನ್‌ನ ಮುಖ ನೋಡಿದ.

ಸುಗುಣನ್ ಶರ್ಮಿಳಾಳನ್ನು ಬದಿಗೆ ಕರೆದ. ಮಲಯಾಳದಲ್ಲಿ, ಮಗಳನ್ನು ಕರೆದಂತೆ ಬಹಳ ಮೆಲ್ಲಗೆ, “ಮೋಳೇ, ನಿಜ ಹೇಳು. ಕಂಪೆನಿ ಮುಳುಗಿತಾ?” ಎಂದು ಕೇಳಿದ.

“ಇಲ್ಲ ಚೇಟ್ಟಾ. ಸರ್ ಈಗ ಸರಳವಾಗಿ ಇರ್ತಾರೆ, ಅಷ್ಟೆ.” ಸರಳತೆಗೆ ವಿವರಣೆ ಕೊಡಬಾರದೆಂದು ವಿಜಯಶ್ರೀಯ ಕಟ್ಟಪ್ಪಣೆಯಿತ್ತು.

ಸಾವಿನ ಮನೆಯಲ್ಲಿ ತಲೆಯಾಡಿಸುವಂತೆ ಸುಗುಣನ್ ತಲೆಯಾಡಿಸಿದ.

ಮರುದಿನ ಯೂನಿಯನ್ನಿನವರು ಮುಷ್ಕರದ ನೋಟೀಸು ಹಿಂತೆಗೆದುಕೊಂಡರು. “ನೋಡಿದ್ಯಾ ಸರಳತೆಯ ಶಕ್ತಿ!” ಎಂದು ರಾಯರು ಹಿಗ್ಗಿದರು. ಆ ಹಿಗ್ಗು ಒಂದು ವಾರ ಬಾಳಿತು. ಅಷ್ಟರಲ್ಲಿ ಕಾರ್ಮಿಕರ ‘ಚಂದ್ರಗಿರಿ ರಕ್ಷಣಾ ಸಮಿತಿ’ ಹುಟ್ಟಿ, ಕೆಂಪು ಬ್ಯಾನರು ಬರೆಸಿ, ಬಸ್ಸುಗಳನ್ನು ಗೊತ್ತು ಮಾಡಿ, ತಿರುವನಂತಪುರಕ್ಕೆ ಹೊರಟೇಬಿಟ್ಟಿತ್ತು. ಪಾಪದ ಮುದಲಾಳಿ, ಅಂದರೆ ಮಾಲಿಕ, ಊಟಕ್ಕೂ ಗತಿಯಿಲ್ಲದೆ ಬೀಗ ಹಾಕುವ ಮುಂಚೆ ಕಾರ್ಖಾನೆಯನ್ನು ಸರಕಾರವೇ ವಹಿಸಿಕೊಳ್ಳಬೇಕು ಎಂಬುದು ಬೇಡಿಕೆ.

ರಾಯರಿಗೆ ಗೊತ್ತಾದದ್ದು ಟಿವಿಯಿಂದ. ಅಷ್ಟರಲ್ಲಿ ಪೆರುಂಬಾವೂರಿನ ಪ್ಲೈವುಡ್ಡಿನವರೆಲ್ಲ ಫೋನು ಮಾಡಿ, ಇನ್ನು ಅಂಟು ಬರುತ್ತದೋ ಇಲ್ಲವೋ ಎಂದು ಕೇಳತೊಡಗಿದ್ದರು.

“ಸೂಟ್ ಎಲ್ಲುಂಟು? ಬೆಂಜ್ ತೆಗಿಲಿಕ್ಕೆ ಹೇಳು!” ಎಂದು ರಾಯರು ಕಿರುಚಿದರು. ಶರ್ಮಿಳಾಳನ್ನೂ ಕೂರಿಸಿಕೊಂಡು ಹೊರಟರು. ಕಾಯಂಕುಳಂ ದಾಟುವವರೆಗೆ ಬಯ್ದರು, ಕೊಲ್ಲಂನಲ್ಲಿ ಟೈ ಕಟ್ಟಿಕೊಂಡರು.

ಮೆರವಣಿಗೆ ತಿರುವನಂತಪುರದ ತಂಪಾನೂರಿನಿಂದ ಹೊರಟು ಸೆಕ್ರೆಟೇರಿಯಟ್ಟಿನ ಎದುರು ಬಂದು ನಿಂತಿತ್ತು. ಬೆಂಜ್ ಕಾರು ಜನಸಂದಣಿಯಲ್ಲಿ ಸಿಕ್ಕಿಹಾಕಿಕೊಂಡು ದೂರದಲ್ಲೇ ಉಳಿಯಿತು. ರಾಯರು ಬಿಸಿಲಲ್ಲಿ ನಡೆದುಬಂದರು. ಬೆವರಿಳಿಸುತ್ತಾ ಸೂಟಿನಲ್ಲಿ ನಿಂತ ಅವರನ್ನು ಕಂಡು ಸುಗುಣನ್ ಕರಗಿಹೋದ. “ಪಾವಂ, ಪಾಪ! ಇದ್ದದ್ದರಲ್ಲಿ ಒಂದು ಒಳ್ಳೇ ಕೋಟು ಹುಡುಕಿ ಹಾಕಿಕೊಂಡು ಮಂತ್ರಿಯ ಕಾಲು ಹಿಡಿಯಲು ಬಂದಿದ್ದಾರೆ.” ಯಾರೋ ಓಡಿಬಂದು ರಾಯರಿಗೆ ಕೊಡೆ ಹಿಡಿದರು.

ಟಿವಿಯವರು ಮೈಕು ಚಾಚಿದರು. ಕ್ಯಾಮೆರಾ ಕಂಡದ್ದೇ ರಾಯರ ಮುಖಕ್ಕೆ ವಿಜಯಶ್ರೀ ಕಲಿಸಿದ ನಗೆ ತಾನಾಗಿ ಬಂತು. “ನಾನೊಬ್ಬ ಸಾಮಾನ್ಯ ಮನುಷ್ಯ. ನನಗೆ ಏನೂ ಬೇಡ,” ಎಂದರು. ಪ್ಯಾಕಿಂಗ್ ವಿಭಾಗದ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಆ ಹೆಂಗಸರು ದಿನದ ಕೂಲಿ ಬಿಟ್ಟು, ಬೆಳಗಿನ ಜಾವ ಎದ್ದು, ಈ ಮನುಷ್ಯನಿಗಾಗಿ ಅಳಲು ಬಂದಿದ್ದರು. ಶರ್ಮಿಳಾಳಿಗೆ ತಡೆಯಲಾಗಲಿಲ್ಲ. ಮೈಕನ್ನು ತನ್ನ ಕಡೆ ಎಳೆದುಕೊಂಡಳು.

“ಇವರು ಬಡವರಲ್ಲ,” ಎಂದಳು, ಎಲ್ಲರಿಗೂ ಕೇಳುವಂತೆ, ಮಲಯಾಳದಲ್ಲಿ. “ಮೊನ್ನೆ ಹಾಕಿದ್ದ ಆ ಅಂಗಿಯ ಕಾಲರು ಸವೆದದ್ದಲ್ಲ, ಮುಂಬೈಯಲ್ಲಿ ಕೂಲಿ ಕೊಟ್ಟು ಹರಿಸಿದ್ದು. ಚಪ್ಪಲಿ ಇಟಲಿಯದ್ದು. ಮೂರು ಸಲ ಕಂಜಿ ಉಂಡದ್ದು ಪಥ್ಯ ಇದ್ದದ್ದರಿಂದ. ಕಂಪೆನಿ ಚೆನ್ನಾಗಿ ನಡೀತಾ ಉಂಟು. ನೀವು ಅಳಬೇಡಿ.”

ಕೊಡೆ ಹಿಡಿದವನು ಕೊಡೆ ಮಡಚಿದ. ಹಿಂದಿನಿಂದ ಯಾರೋ ಕಿಸಕ್ಕೆಂದರು. ಆಮೇಲೆ ಸುಗುಣನ್ ಅಂಗಿಯ ತೋಳು ಸರಿಮಾಡಿಕೊಂಡು ಕೇಳಿದ: “ಹಾಗಾದರೆ ಸಂಬಳ ಏರಿಸಲು ಅಡ್ಡಿಯೇನು ಸಾರ್?”

ಅದೇ ಬ್ಯಾನರು, ಅದೇ ಗಂಟಲುಗಳು. ಘೋಷಣೆ ಮಾತ್ರ ಬದಲಾಯಿತು. ಟಿವಿಯವರ ಎದುರು ರಾಯರಿಗೆ ಒಪ್ಪದೆ ಬೇರೆ ದಾರಿಯಿರಲಿಲ್ಲ.

ಶರ್ಮಿಳಾಳನ್ನು ಅವರು ಕೆಲಸದಿಂದ ತೆಗೆಯಲಿಲ್ಲ. ಸರಳ ಮನುಷ್ಯರು ಹಾಗೆ ಮಾಡುವುದು ಚೆನ್ನಾಗಿ ಕಾಣುವುದಿಲ್ಲ ಎಂದು ವಿಜಯಶ್ರೀ ಹೇಳಿದ್ದಳಂತೆ. ಬಡ್ತಿ ಎಂದು ಹೆಸರಿಟ್ಟು ತಂಪಾನೂರಿನ ಲಾಡ್ಜೊಂದರ ಮಹಡಿಯ ಕೋಣೆಗೆ ಕಳಿಸಿದರು. ಅಲ್ಲಿ ಒಂದು ಮೇಜು, ಒಂದು ಫೋನು. ಫೋನು ಎಂದೂ ರಿಂಗಾಗಲಿಲ್ಲ. ಮೊದಲು ಅವಳಿಗೆ ಅವಮಾನವಾಯಿತು, ಆಮೇಲೆ ಬೇಜಾರು, ಕೊನೆಗೆ ತಾನು ಕಾನೂನು ಓದಿದವಳೆಂಬುದು ನೆನಪಾಯಿತು. ರಾಜೀನಾಮೆ ಬರೆದು ಅಲ್ಲೇ ವಂಚಿಯೂರು ಕೋರ್ಟಿನಲ್ಲಿ ಹಿರಿಯ ವಕೀಲರೊಬ್ಬರ ಬಳಿ ಸೇರಿದಳು. ಬಾಡಿಗೆದಾರರ ಜಗಳ, ಬೇಲಿಯ ಜಗಳ, ಮೀನಿನ ದೋಣಿಯ ಜಗಳ — ಕೈತುಂಬ ಕೆಲಸ.

ಮುಂದಿನ ವರ್ಷ ಒಂದು ಸಂಜೆ ರೈಲು ನಿಲ್ದಾಣದಲ್ಲಿ ರಾಯರು ಎದುರಾದರು. ಕಪ್ಪು ಟೀ ಶರ್ಟು, ನೀಲಿ ಜೀನ್ಸು, ಕುತ್ತಿಗೆಯಲ್ಲಿ ಯಾವುದೋ ಸಮ್ಮೇಳನದ ಬಿಲ್ಲೆ. ಮುಖ ತಿರುಗಿಸಿ ಎರಡು ಹೆಜ್ಜೆ ಹೋದವರು ತಡೆಯಲಾರದೆ ಮರಳಿ ಬಂದರು. ಅತ್ತಿತ್ತ ನೋಡಿ ಕನ್ನಡದಲ್ಲಿ ಮೆಲ್ಲಗೆ ಕೇಳಿದರು:

“ಶರ್ಮಿಳಾ, ಸತ್ಯ ಹೇಳು. ಇದರಲ್ಲಿ ಹೊಟ್ಟೆ ಕಾಣ್ತದಾ?”

“ಕಾಣ್ತದೆ ಸರ್,” ಎಂದಳು ಶರ್ಮಿಳಾ, ಮತ್ತು ಕಾಫಿ ಕುಡಿಸಲು ಅವರನ್ನು ಕರೆದುಕೊಂಡು ಹೋದಳು.