ಕಾವಲಿಗೆ ಹಾಕುವ ನೀರು

ಅಪ್ಪನ ಬಲಗೈಯಿಂದ ನಮ್ಮ ಹೊಟ್ಟೆ ತುಂಬುತ್ತಿತ್ತು, ಅದೇ ಕೈಯಿಂದ ಪೆಟ್ಟೂ ಬೀಳುತ್ತಿತ್ತು. ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ ನಮ್ಮದೊಂದು ಪುಟ್ಟ ಹೋಟೆಲು. ಉಡುಪಿ ಕಡೆಯಿಂದ ಬಂದ ಅಪ್ಪ ವರ್ಷಗಟ್ಟಲೆ ಯಾರ್ಯಾರದೋ ಕಾವಲಿಯ ಮುಂದೆ ಬೆಂದು ಕೊನೆಗೆ ಮಾಡಿಕೊಂಡದ್ದು. ದೋಸೆ ಹುಯ್ಯಲು ಬೇರೆಯವರನ್ನು ಅವರು ಬಿಡುತ್ತಿರಲಿಲ್ಲ. ಲೋಕಲ್ ರೈಲು ಹಿಡಿಯುವ ಮೊದಲು ಜನ ಬರುತ್ತಿದ್ದುದೇ ಆ ದೋಸೆಗೆ. ಹಿಟ್ಟು ಹರಡುವಾಗ ಅವರ ಮಣಿಕಟ್ಟು ತಿರುಗುವ ಚೆಂದ ನೋಡಿದವರು, ಇದೇ ಕೈ ಬೆಳಿಗ್ಗೆ ಅಮ್ಮನ ಕೆನ್ನೆಯ ಮೇಲೆ ಬಿದ್ದಿತ್ತು ಎಂದರೆ ನಂಬುತ್ತಿರಲಿಲ್ಲ. ನಾವೂ ಹೇಳುತ್ತಿರಲಿಲ್ಲ. ಆ ಕೈ ನಿಂತರೆ ಹೋಟೆಲು ನಿಂತಂತೆ ಎಂದು ಅಮ್ಮ ಪೆಟ್ಟು ತಿಂದ ಮೇಲೂ ಅದಕ್ಕೆ ಎಣ್ಣೆ ತಿಕ್ಕುತ್ತಿದ್ದರು. ನನಗೆ ಅದನ್ನು ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು.

ಕಾವಲಿ ಹೆಚ್ಚು ಕಾದರೆ ಹಿಟ್ಟು ಸರಿಯಾಗಿ ಹರಡುವುದಿಲ್ಲ, ಹೊಗೆ ಏಳುತ್ತದೆ. ಆಗ ತಂಬಿಗೆಯಿಂದ ತಣ್ಣೀರು ಚೆಲ್ಲಿ, ಹಿಡಿಸೂಡಿಯಿಂದ ಚರ್ರನೆ ಗುಡಿಸಬೇಕು. ಕಾದದ್ದಕ್ಕೆ ಅಪ್ಪನಿಗೆ ಗೊತ್ತಿದ್ದುದು ಅದೊಂದೇ ಮದ್ದು.

ನಾನು ಕಾಲೇಜು ಸೇರಿದ ವರ್ಷ, ಎರಡು ಸಾವಿರದ ಆರೋ ಏಳೋ, ಕಾಮೋಠೆಯ ಒಬ್ಬ ಹೋಟೆಲಿನವರಿಂದ ಅಪ್ಪ ಹಳೆಯ ಕಾರೊಂದನ್ನು ಕೊಂಡರು. ತೆಂಗಿನಕಾಯಿ, ಬಾಳೆಎಲೆ, ಈರುಳ್ಳಿ ಮೂಟೆ ಎಲ್ಲ ಅದರಲ್ಲೇ ಬರುತ್ತಿತ್ತು. ಕಾರೂ ಮನೆಯವರಲ್ಲಿ ಒಬ್ಬರಾಯಿತು ಎನ್ನಬೇಕು, ಯಾಕೆಂದರೆ ಅದಕ್ಕೂ ಒದೆ ಬೀಳುತ್ತಿತ್ತು. ಸ್ಟಾರ್ಟ್ ಆಗದಿದ್ದರೆ ಬಾಗಿಲಿಗೊಂದು, ಮತ್ತೂ ಆಗದಿದ್ದರೆ ಬಂಪರಿಗೆ ಇನ್ನೊಂದು.

ಎಷ್ಟು ತುಂಬಿದರೂ ಸಾಲದೆ ಎಂಜಿನ್ನು ನೀರು ಕುಡಿಯತೊಡಗಿದಾಗ ಅದನ್ನು ಕಲ್ಯಾಣ್ ರಸ್ತೆಯ ಒಂದು ಗ್ಯಾರೇಜಿಗೆ ಒಯ್ದರು. ಅಲ್ಲಿಯ ಮಿಸ್ತ್ರಿ ಗೂಳಿಯಂಥ ಆಳು, ಬಾಯಿ ಬಿಟ್ಟರೆ ಬೈಗುಳ. ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದ. ಹೆಡ್ ಎನ್ನುವ ಎಂಜಿನ್ನಿನ ಮೇಲಿನ ಮುಚ್ಚಳಕ್ಕೂ ಕೆಳಗಿನ ಭಾಗಕ್ಕೂ ನಡುವೆ ಇರುವ ತೆಳ್ಳಗಿನ ಹಾಳೆ ಅದು. ಹೊಸದು ಹಾಕಿ ಕೊಟ್ಟು, ಬೆರಳು ಅಲ್ಲಾಡಿಸಿ ಎಚ್ಚರಿಸಿದ: "ಗರಮ್ ಹುವಾ ತೊ ಬಂದ್ ಕರ್‌ನೇಕಾ. ಹಾಥ್ ನಹೀ ಲಗಾನೇಕಾ, ಠಂಡಾ ಹೋನೇ ದೋ." ಅಪ್ಪ ತಲೆಯಾಡಿಸಿದರು. ಬಿಸಿಯಾದರೆ ಬಂದ್ ಮಾಡಬೇಕು, ತಾನಾಗಿ ತಣಿಯುವವರೆಗೆ ಮುಟ್ಟಕೂಡದು ಎಂದದ್ದನ್ನು ಅಮ್ಮನೂ ನಾನೂ ಕೇಳಿಸಿಕೊಂಡೆವು.

ಆಮೇಲೊಂದು ಭಾನುವಾರ, ಸುಡುವ ಮೇ ತಿಂಗಳ ಮಧ್ಯಾಹ್ನ, ಠಾಣೆಯಲ್ಲಿ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೊರಟೆವು. ಮಾಜಿವಾಡಾದ ಟ್ರಾಫಿಕ್ ಜಾಮಿನಲ್ಲಿ ಬಾನೆಟ್ಟಿನಿಂದ ಹೊಗೆ ಎದ್ದಿತು. ರೇಡಿಯೇಟರಿನ ರಬ್ಬರ್ ಪೈಪು ಹರಿದು ನೀರೆಲ್ಲ ಖಾಲಿ. ಹಿಂದಿದ್ದ ಟೆಂಪೋದವನು ಹಾರ್ನ್ ಒತ್ತಿ ಹಿಡಿದ. ಅಪ್ಪ ಇಳಿದು ಹೋಗಿ ಕಿಟಕಿಯೊಳಗೆ ಕೈ ಹಾಕಿ ಅವನ ಕಾಲರು ಹಿಡಿದು, ಮುಖವನ್ನು ಸ್ಟಿಯರಿಂಗಿಗೆ ಒಮ್ಮೆ ಜಜ್ಜಿ ಬಂದರು. ಅವನ ಮೂಗಿನಿಂದ ರಕ್ತ ಇಳಿಯುತ್ತಿತ್ತು. ಹಾರ್ನ್ ನಿಂತಿತು.

ರಸ್ತೆಯಂಚಿಗೆ ಕಾರು ತಳ್ಳಿದೆವು. ಅಪ್ಪ ಬಾನೆಟ್ ಎತ್ತಿ ಒಂದು ಗಳಿಗೆ ನೋಡಿ, ಪಕ್ಕದ ಕಬ್ಬಿನ ಹಾಲಿನ ಗಾಡಿಯವನ ಬಕೆಟ್ಟಿಗೆ ಕೈ ಹಾಕಿದರು. ಅದರಲ್ಲಿ ಕರಗಿದ ಮಂಜುಗಡ್ಡೆಯ ನೀರು.

"ಬೇಡ ಮಾರಾಯ್ರೇ, ಮುಟ್ಟಬೇಡಿ ಅಂತ ಮಿಸ್ತ್ರಿ ಹೇಳಿದ್ದಾನಲ್ಲ," ಅಮ್ಮ ಅಂದರು.

"ನನಗೆ ಹೇಳಿಕೊಡ್ಲಿಕ್ಕೆ ಬರ್ತೀಯಾ? ಇಷ್ಟು ವರ್ಷ ಬೆಂಕಿ ಎದುರು ನಿಂತವ ನಾನಾ, ನೀನಾ?" ಎನ್ನುತ್ತಲೇ ಅಷ್ಟು ಜನರೆದುರು ಅಮ್ಮನ ಕೆನ್ನೆಗೆ ಬಿಟ್ಟರು. ಅಮ್ಮನ ಮಲ್ಲಿಗೆ ದಂಡೆ ಮಣ್ಣಿಗೆ ಬಿತ್ತು. ಮರುಕ್ಷಣ ಬಕೆಟ್ಟಿನ ನೀರನ್ನು, ಕಾವಲಿಗೆ ಹೊಡೆದ ಹಾಗೆಯೇ, ಎಂಜಿನ್ನಿನ ನೆತ್ತಿಗೆ ಹೊಡೆದರು. ಬುಸ್ಸೆಂದು ಹಬೆ ಎದ್ದಿತು. ಅದರೊಳಗಿಂದ ಟಣ್ ಎಂದು ಒಂದು ಸದ್ದು ಕೇಳಿತು.

ಕಾರನ್ನು ಹಗ್ಗ ಕಟ್ಟಿ ಗ್ಯಾರೇಜಿಗೆ ಎಳೆಸಿದ್ದಾಯಿತು. ಮಿಸ್ತ್ರಿ ಎಂಜಿನ್ ಬಿಚ್ಚಿ ಮರುದಿನವೇ ಬರಹೇಳಿದಾಗ ಅಪ್ಪ ನಮ್ಮಿಬ್ಬರನ್ನೂ ಕರೆದುಕೊಂಡು ಹೋದರು. ಅವರು ಏನೂ ಮಾಡಿಲ್ಲ, ಮಿಸ್ತ್ರಿ ಹಾಕಿದ ಗ್ಯಾಸ್ಕೆಟ್ಟೇ ಕಳಪೆ ಎಂದು ನಾವು ಸಾಕ್ಷಿ ಹೇಳಬೇಕಿತ್ತು. ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿಸಿದರು.

"ಪುರಾನಾ ಗ್ಯಾಸ್ಕೆಟ್ ಡಾಲಾ ತೂನೇ!" ಹಳೆಯದನ್ನೇ ಹಾಕಿದ್ದೀಯ ಎಂದು ಹೊಸ್ತಿಲಲ್ಲೇ ಶುರು ಮಾಡಿದರು ಅಪ್ಪ.

ಮಿಸ್ತ್ರಿ ಬಿಚ್ಚಿಟ್ಟಿದ್ದ ಹೆಡ್ಡನ್ನು ಎತ್ತಿ ತೋರಿಸಿದ. ಅದರ ಮೇಲೆ ಕೂದಲೆಳೆಯಷ್ಟು ಸಣ್ಣ ಬಿರುಕು ಉದ್ದಕ್ಕೆ ಓಡಿತ್ತು. "ಠಂಡಾ ಪಾನಿ ಮಾರಾ ಕ್ಯಾ ಇಸ್ ಪೇ?" ಇದಕ್ಕೆ ತಣ್ಣೀರು ಹೊಡೆದಿರಾ ಎಂದು ಕೇಳಿದ.

"ನಹೀ," ಅಂದರು ಅಪ್ಪ, ಅಂದು ಅಮ್ಮನತ್ತ ನೋಡಿದರು. ಅಮ್ಮನ ಕೆನ್ನೆಯ ಮೇಲೆ ಬೆರಳ ಗುರುತು ಇನ್ನೂ ಇತ್ತು. ಅಮ್ಮ ನೆಲ ನೋಡಿದರು.

"ಮಾರಾ," ಹೊಡೆದರು ಅಂದೆ ನಾನು. "ಬರ್ಫ್ ಕಾ ಪಾನಿ. ಪೂರಾ ಬಾಲ್ಟಿ." ಮಂಜುಗಡ್ಡೆಯ ನೀರು, ಇಡೀ ಬಕೆಟ್ಟು.

ಅಪ್ಪನ ಕೈ ನನ್ನ ಕಡೆ ಬಂತು. ಮಿಸ್ತ್ರಿ ಅಡ್ಡ ನಿಂತು ಅವರ ಎದೆಗೆ ಕೈಕೊಟ್ಟು ತಳ್ಳಿದ. ಮೇಜಿನ ಮೇಲಿದ್ದ, ಬೋಲ್ಟು ತಿರುಗಿಸುವ ದೊಡ್ಡ ಪಾನಾ ಅಪ್ಪನ ಕೈಗೆ ಸಿಕ್ಕಿತು. ಮೊದಲ ಏಟು ಮಿಸ್ತ್ರಿಯ ಹಣೆಗೆ ಬಿದ್ದು ಚರ್ಮ ಬಿರಿಯಿತು, ರಕ್ತ ಕಣ್ಣೊಳಗೆ ಇಳಿಯಿತು. ಎರಡನೆಯದಕ್ಕೆ ಅವನು ಬಗ್ಗಿದ. ಪಾನಾ ಕಾರಿನ ಅಂಚಿಗೆ ಬಡಿದು ಎಂಜಿನ್ನಿನ ಹೊಂಡದೊಳಗೆ ಜಾರಿತು. ಅದನ್ನು ತೆಗೆಯಲು ಅಪ್ಪ ಕೈ ಹಾಕಿದರು. ಎತ್ತಿದ ಬಾನೆಟ್ಟಿಗೆ ಆಸರೆ ಕೊಟ್ಟಿದ್ದ ಸರಳನ್ನು ಮಿಸ್ತ್ರಿ ಹಿಡಿದದ್ದು ಅಮ್ಮನಿಗೆ ಕಂಡಿತು.

"ಆ ಕೈ ಬೇಡ! ಅಯ್ಯೋ, ಆ ಕೈ ಒಂದು ಬೇಡ!" ಎಂದು ಚೀರಿದರು.

ಅವನಿಗೆ ಕನ್ನಡ ಗೊತ್ತಿರಲಿಲ್ಲ. ಸರಳು ಎಳೆದು ಬಾನೆಟ್ಟನ್ನು ಬಡಿದ, ಬಡಿದು ಅದರ ಮೇಲೆ ಮೈಭಾರವನ್ನೆಲ್ಲ ಬಿಟ್ಟ. ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ಅಪ್ಪ ಕೂಗಿದ ಹಾಗೆ ಮನುಷ್ಯರು ಕೂಗುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನನಗೆ ಸಂತೋಷವಾಯಿತು, ಬಾಯಿ ಒಣಗುವಷ್ಟು ಸಂತೋಷ. ಅದರ ಬೆನ್ನಿಗೇ ನಾಳೆ ದೋಸೆ ಹುಯ್ಯುವವರು ಯಾರು ಎಂಬ ಹೆದರಿಕೆ ಬಂತು.

ರಿಕ್ಷಾ ತಂದವನು ಮಿಸ್ತ್ರಿಯೇ. ಮುಖ ತುಂಬ ರಕ್ತ, ಬಾಯಿ ತುಂಬ ಬೈಗುಳ. ಆದರೂ ಅಪ್ಪನ ಕಂಕುಳಿಗೆ ಕೈಕೊಟ್ಟು ಹತ್ತಿಸಿ, ಮುಂದೆ ಚಾಲಕನ ಪಕ್ಕ ತಾನೂ ತೂರಿಕೊಂಡ. ಡಾಕ್ಟರು ಒಬ್ಬನ ಹಣೆಗೆ ಹೊಲಿಗೆ ಹಾಕಿದರು, ಇನ್ನೊಬ್ಬರ ಕೈಗೆ ಪ್ಲಾಸ್ಟರ್. ಏನಾಯಿತು ಎಂದಾಗ ಇಬ್ಬರೂ ಬಾನೆಟ್ ಬಿತ್ತು ಎಂದರು.

ಕೈ ಕೂಡಿತು, ಆದರೆ ಮಣಿಕಟ್ಟು ಮತ್ತೆ ತಿರುಗಲಿಲ್ಲ. ಕಾವಲಿಯ ಮುಂದೆ ನಾನು ನಿಂತೆ. ಮೊದಮೊದಲ ದೋಸೆಗಳಿಗೆ ಗಿರಾಕಿಗಳು ಮುಖ ಕಿವುಚಿದರು. ನನಗೆ ಮೊಣಕೈವರೆಗೂ ಸುಟ್ಟ ಬೊಬ್ಬೆ ಎದ್ದಿತು. ಅಪ್ಪ ದುಡ್ಡಿನ ಗಲ್ಲೆಯಲ್ಲಿ ಕೂತು ನೋಡುತ್ತಿದ್ದರು.

ಮಿಸ್ತ್ರಿ ಎಲ್ಲಿಂದಲೋ ಬೇರೊಂದು ಹೆಡ್ ಹುಡುಕಿ ತಂದು, ಹಾಕಿ, ಕಾರನ್ನು ತಾನೇ ಓಡಿಸಿಕೊಂಡು ಬಂದು ಹೋಟೆಲಿನ ಮುಂದೆ ನಿಲ್ಲಿಸಿದ. ಹಣೆಯ ಮೇಲೆ ಹೊಲಿಗೆಯ ಗೆರೆ. ಅಪ್ಪನೆದುರಿನ ಮೇಜಿಗೇ ಕೂತು ದೋಸೆ ಕೇಳಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಆಗಲೇ ಕಾವಲಿ ಹೊಗೆಯಾಡಿತು. ನಾನು ಎಡಗೈಯಲ್ಲಿ ತಂಬಿಗೆ ಎತ್ತಿದೆ. ಮಾಜಿವಾಡಾದ ಆ ಟಣ್ ನೆನಪಾಗಿ ಕೈ ಅಲ್ಲೇ ನಿಂತಿತು. ಹೊಗೆ ಹೆಚ್ಚಿತು. ಅಪ್ಪ ಎದ್ದು ಬಂದರು, "ಏನು ನೋಡ್ತಾ ನಿಂತಿದ್ದೀಯಾ?" ಎನ್ನುತ್ತ ಎಡಗೈ ಎತ್ತಿದರು. ನಾನು ತಿರುಗಿದೆ. ನನ್ನ ಬಲಗೈಯಲ್ಲಿ ಕಾದ ಸಟ್ಟುಗವಿತ್ತು, ಅದು ಅವರ ಮುಖದ ಮಟ್ಟಕ್ಕೆ ತಾನಾಗಿ ಏರಿತು.

"ಇಳಿಸಿ," ಅಂದೆ. "ಇಲ್ಲದಿದ್ದರೆ ಸುಡ್ತೇನೆ."

ಬಾಗಿಲಲ್ಲಿ ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ಅಪ್ಪ ಸಟ್ಟುಗ ನೋಡಿದರು, ನನ್ನ ಬೊಬ್ಬೆಯ ಕೈ ನೋಡಿದರು. ಕೈ ಇಳಿಸಿದರು.

"ನೀರು ಹಾಕು ಮಗಾ," ಅಂದರು ಮೆಲ್ಲಗೆ. "ಇದು ಕಾವಲಿ. ಇದು ತಡೀತದೆ."

ಹಾಕಿದೆ. ಚರ್ರೆಂದಿತು. ಗುಡಿಸಿ ಹಿಟ್ಟು ಹರಡಿದೆ. ಆ ಎಡಗೈ ಮತ್ತೆ ಎಂದೂ ಏಳಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆಮೇಲೂ ಎದ್ದಿತು, ಅಮ್ಮನ ಮೇಲೆ, ನನ್ನ ಮೇಲೆ. ಎದ್ದಾಗೆಲ್ಲ ನಾನು ಸಟ್ಟುಗ ಹಿಡಿದು ನಡುವೆ ನಿಂತೆ, ಅದು ಇಳಿಯಿತು.